ಪ್ರಶ್ನೆ: ಚಳಿಗಾಲದಲ್ಲಿ ಕರೆಂಟ್ ಬಿಲ್ ಏರುತ್ತಲೇ ಇದೆ. ಸಂದು ಮುಚ್ಚಲು ಟೇಪು ತಂದಿಟ್ಟಿದ್ದೀನಿ, ತಂದೆಯವರು ತಮಗೆ ರಜಾಯಿ ಸಾಕು ಅನ್ನುತ್ತಾರೆ. ಸಂದುಗಳನ್ನೆಲ್ಲ ಮುಚ್ಚಿ ಒಂದೇ ಕೋಣೆ ಕಾಯಿಸಿದರೆ ಸಾಕೇ? ಯಾವ ಹೀಟರ್ ಕಡಿಮೆ ಕರೆಂಟ್ ತಿನ್ನುತ್ತದೆ?

ಸಂದು ಮುಚ್ಚಲು ಟೇಪು ಆಗಲೇ ತಂದಿಟ್ಟಿದ್ದೀನಿ ಅಂತ ಬರೆದಿದ್ದೀರಲ್ಲ, ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಅಂಥದೇ ಟೇಪು ಹಿಡಿದುಕೊಂಡು ಮನೆಯೆಲ್ಲ ಸುತ್ತಿದವಳು ನಾನು.

ಆ ವರ್ಷ ದರ ಒಂದೇ ಸಮನೆ ಏರಿತು. ಬಿಲ್ ಬಂದ ದಿನ ನಮ್ಮ ಮನೆಯಲ್ಲಿ ಮಾತೇ ಕಡಿಮೆ. ಇವರು ಕೂತು ಲೆಕ್ಕ ಹಾಕಿ ನಿಮ್ಮ ಯೋಜನೆಯನ್ನೇ ಹೇಳಿದರು: ಹಾಲ್ ಒಂದನ್ನು ಕಾಯಿಸೋಣ, ಉಳಿದ ಕೋಣೆಗಳಿಗೆ ಹೀಟರ್ ಬೇಡ, ತಣ್ಣನೆ ಗಾಳಿ ನುಗ್ಗುವ ಜಾಗವನ್ನೆಲ್ಲ ಮುಚ್ಚಿಬಿಡೋಣ. ಮುಚ್ಚುವ ಕೆಲಸ ನನ್ನ ಪಾಲಿಗೆ ಬಂತು, ನಾನದನ್ನು ಹಟ ಹಿಡಿದು ಮಾಡಿದೆ. ಕಿಟಕಿ ಚೌಕಟ್ಟಿನ ಬಿರುಕು, ಮುಂಬಾಗಿಲ ಕೆಳಗಿನ ಸಂದು, ಪೈಪು ಗೋಡೆಯೊಳಗೆ ಹೋಗುವ ತೂತು, ಅಟ್ಟ ಹತ್ತುವ ಮುಚ್ಚಳ. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸ್ಟೂಲ್ ಹತ್ತಿ ಬಚ್ಚಲುಮನೆಯ ಗಾಳಿಕಿಂಡಿಗೂ ಟೇಪು ಹೊಡೆದೆ. ಆಮೇಲೆ ಅತ್ತೆಯ ಕೋಣೆಯ ಗೋಡೆಯಲ್ಲಿ, ಸೂರಿನ ಹತ್ತಿರ ಜಾಲರಿ ಹಾಕಿದ್ದ ಕಿಂಡಿಗೆ. ಅತ್ತೆ ಮಂಚದ ಮೇಲೆ ಕೂತು ನೋಡುತ್ತಿದ್ದವರು, "ಕಟ್ಟಿಸಿದವನು ಬುದ್ಧಿ ಇಲ್ಲದೆ ಬಿಟ್ಟಿರ್ತಾನೇನೇ ಅದನ್ನ?" ಅಂದರು. "ಅವನೇನು ನಮ್ಮ ಬಿಲ್ ಕಟ್ತಾನಾ ಅತ್ತೆ?" ಅಂದೆ. ಅವರು ಮತ್ತೆ ಬಾಯಿ ಬಿಡಲಿಲ್ಲ.

ಮೊದಲ ತಿಂಗಳು ಬಿಲ್ ನಿಜಕ್ಕೂ ಇಳಿಯಿತು. ಬೆಳಗ್ಗೆ ಎದ್ದರೆ ಕಿಟಕಿ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು, ಚಳಿಗಾಲ ಅಂದರೆ ಹಾಗೇ ಅಂದುಕೊಂಡು ಬಟ್ಟೆಯಲ್ಲಿ ಒರೆಸಿ ಹಿಂಡುತ್ತಿದ್ದೆ. ಹೊರಗೆ ಒಣಗದ ಬಟ್ಟೆಗಳನ್ನು ಹಾಲಿನಲ್ಲಿ ಹೀಟರ್ ಪಕ್ಕ ಹರವುತ್ತಿದ್ದೆ. ಹೇಗೂ ಉರಿಯುತ್ತಿದೆಯಲ್ಲ, ಎರಡು ಕೆಲಸ ಆಗಲಿ ಅಂತ. ಅತ್ತೆಗೆ ಕೆಮ್ಮು ಶುರುವಾಯಿತು. ಥಂಡಿ ಅಂದೆವು. ಕಡೆಗೊಂದು ದಿನ ಬೀರುವಿನ ಹಿಂದೆ ಬಿದ್ದ ಬಳೆ ತೆಗೆಯಲು ಹೋಗಿ ಬೀರು ಎಳೆದರೆ ಹಿಂದಿನ ಗೋಡೆ ಸೊಂಟದೆತ್ತರದ ತನಕ ಕಪ್ಪಾಗಿತ್ತು. ಬೂಷ್ಟು. ಬೀರುವಿನ ಹಿಂದಿನ ಹಲಗೆ ಕೈಯಿಟ್ಟಲ್ಲಿ ಪುಡಿಯಾಗುತ್ತಿತ್ತು. ಮನೆಯ ಕಾಗದಪತ್ರವೆಲ್ಲ ಇದ್ದ ಫೈಲು ಒದ್ದೆ ವಾಸನೆ ಹೊಡೆಯುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನಗೆ ಇದು ಗೊತ್ತಿರಲಿಲ್ಲ, ನಿಮಗೂ ಗೊತ್ತಿಲ್ಲ ಅಂತ ನಿಮ್ಮ ಪ್ರಶ್ನೆ ಓದಿದಾಗಲೇ ಅನ್ನಿಸಿತು.

20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ ಅದು ಬರೀ 9 ಗ್ರಾಂ ಚಿಲ್ಲರೆ. ಮಿಕ್ಕಿದ್ದು ತಣ್ಣಗಿರುವ ಮೈ ಹುಡುಕಿಕೊಂಡು ಹೋಗಿ ನೀರಾಗುತ್ತದೆ, ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿ ಕೂರುವ ಹಾಗೆ. ಹಾಲ್‌ನಲ್ಲಿ 20 ಡಿಗ್ರಿ, ತೇವಾಂಶ ಶೇಕಡಾ 60 (ಅಂದರೆ ಗಾಳಿ ಹಿಡಿಯಬಲ್ಲ ಆವಿಯಲ್ಲಿ ನೂರಕ್ಕೆ ಅರವತ್ತು ಪಾಲು) ಇದ್ದರೆ 12 ಡಿಗ್ರಿಗಿಂತ ತಣ್ಣಗಿರುವ ಯಾವ ಗೋಡೆಗೆ ಆ ಗಾಳಿ ತಾಕಿದರೂ ನೀರು ಕೂರುತ್ತದೆ. ಹೀಟರ್ ಇಲ್ಲದ ಕೋಣೆ, ಹೊರಗೋಡೆ, ಅದಕ್ಕೆ ಒತ್ತಿ ನಿಲ್ಲಿಸಿದ ಬೀರು: 12 ಡಿಗ್ರಿಗಿಂತ ಕೆಳಗೆ ಹೋಗಲು ಇನ್ನೇನು ಬೇಕು? ಬೂಷ್ಟಿಗೆ ಹನಿ ಕೂಡ ಬೇಕಿಲ್ಲ. ಗೋಡೆಯ ಮೈಮೇಲೆ ತೇವಾಂಶ ಶೇಕಡಾ 80ರ ಆಸುಪಾಸಿನಲ್ಲಿ ದಿನಗಟ್ಟಲೆ ನಿಂತರೆ ಸಾಕು.

ಇಷ್ಟು ನೀರು ಎಲ್ಲಿಂದ ಬಂತು ಅಂದರೆ, ನಮ್ಮ ಉಸಿರು, ಅಡುಗೆಯ ಹಬೆ, ಸ್ನಾನದ ಹಬೆ, ಮತ್ತೆ ನಾನು ಜಾಣತನದಿಂದ ಹರವಿದ್ದ ಬಟ್ಟೆ. ಮೆಷಿನ್ನಿನಲ್ಲಿ ಹಿಂಡಿದ ಮೇಲೂ ಒಂದು ಸಲದ ಬಟ್ಟೆಯಲ್ಲಿ ಒಂದೆರಡು ಲೀಟರ್ ನೀರು ಇರುತ್ತದೆ. ಒಂದು ಲೀಟರ್ ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. ಅದನ್ನು ಕೊಡುತ್ತಿದ್ದದ್ದು ನಮ್ಮ ಹೀಟರೇ. ಅಂದರೆ ದುಡ್ಡು ಕೊಟ್ಟು ನೀರನ್ನು ಆವಿ ಮಾಡಿ, ಹೊರಗೆ ಹೋಗುವ ದಾರಿಗೆ ಟೇಪು ಹಚ್ಚಿ, ಅತ್ತೆಯ ಕೋಣೆಗೂ ಸ್ವಲ್ಪ ಬಿಸಿ ಹೋಗಲಿ ಅಂತ ಅವರ ಬಾಗಿಲನ್ನು ಅರ್ಧ ತೆರೆದಿಟ್ಟಿದ್ದೆ. ಬಿಸಿ ಅಷ್ಟೇನೂ ಹೋಗಲಿಲ್ಲ. ತೇವ ಹೋಯಿತು.

ನನಗೆ ಈಗಲೂ ಹೊಟ್ಟೆ ಉರಿಯುವುದು ಇನ್ನೊಂದು ಲೆಕ್ಕಕ್ಕೆ. 30 ಘನ ಮೀಟರಿನ ಕೋಣೆಯ ಗಾಳಿಯನ್ನು ಒಮ್ಮೆ ಪೂರ್ತಿ ಹೊರಗೆ ಬಿಟ್ಟು, ಒಳಗೆ ಬಂದ ಹೊಸ ಗಾಳಿಯನ್ನು 5 ಡಿಗ್ರಿಯಿಂದ 20ಕ್ಕೆ ಕಾಯಿಸಲು ಬೇಕಾಗುವುದು ಸುಮಾರು 0.15 ಯೂನಿಟ್. ಅಷ್ಟೇ! ಬಿಸಿ ಕೂತಿರುವುದು ಗಾಳಿಯಲ್ಲಲ್ಲ, ಗೋಡೆ, ನೆಲ, ಮಂಚ, ಕುರ್ಚಿಗಳಲ್ಲಿ. ದಿನಕ್ಕೆ ಎರಡು ಸಲ ಎದುರುಬದುರು ಕಿಟಕಿಗಳನ್ನು ಪೂರ್ತಿ ತೆರೆದು ಐದು ನಿಮಿಷಕ್ಕೆ ಮುಚ್ಚಿದ್ದರೆ ಆ ಕೋಣೆಗೆ ಅರ್ಧ ಯೂನಿಟ್ಟೂ ಖರ್ಚಾಗುತ್ತಿರಲಿಲ್ಲ. ಹೊರಗೆ ಮಂಜು ಕವಿದಿದೆ, ತೇವ ಒಳಗೆ ಬರುತ್ತೆ ಅಂತ ಹೆದರುತ್ತಿದ್ದೆ. ಅದೂ ಸುಳ್ಳು. 5 ಡಿಗ್ರಿಯ ಗಾಳಿ ಎಷ್ಟೇ ಒದ್ದೆಯಿದ್ದರೂ ಘನ ಮೀಟರಿಗೆ 7 ಗ್ರಾಂನಷ್ಟೇ ಆವಿ ತರುತ್ತದೆ. ಒಳಗೆ ಬಂದು 20ಕ್ಕೆ ಕಾದಾಗ ಅದು ಶೇಕಡಾ 40ರ ಒಣ ಗಾಳಿ.

ಹಾಗಾದರೆ ಸಂದು ಮುಚ್ಚುವುದೇ ತಪ್ಪಾ? ಅಲ್ಲ. ಸಡಿಲ ಚೌಕಟ್ಟುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿಯೆಲ್ಲ ಬದಲಾಗುತ್ತಿದ್ದರೆ ದಿನಕ್ಕೆ ಮೂರೂವರೆ ಯೂನಿಟ್ ಹೋಯಿತು, ಅದನ್ನು ಖಂಡಿತ ನಿಲ್ಲಿಸಿ. ಊದುಬತ್ತಿ ಹಚ್ಚಿ ಚೌಕಟ್ಟಿನ ಸುತ್ತ ಹಿಡಿದು ನೋಡಿ, ಹೊಗೆ ಎಲ್ಲಿ ಓಲಾಡುತ್ತದೋ ಅಲ್ಲಿ ಟೇಪು. ಮೊದಲು ಮೇಲ್ಗಡೆ ನೋಡಿ. ಬಿಸಿ ಗಾಳಿ ಅಟ್ಟದ ಮುಚ್ಚಳದ ಸಂದಿನಿಂದ ಹೋಗುತ್ತಿದ್ದರೆ ಅದೇ ಕೆಳಗಿನ ಬಾಗಿಲ ಸಂದಿನಿಂದ ತಣ್ಣನೆ ಗಾಳಿಯನ್ನು ಒಳಗೆಳೆಯುತ್ತದೆ. ಕಟ್ಟುವವರು ಬೇಕೆಂದೇ ಬಿಟ್ಟ ಕಿಂಡಿ ಬೇರೆ. ಅದರಿಂದಲೂ ಒಂದಿಷ್ಟು ಬಿಸಿ ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ತೇವ ಹೊರಗೆ ಹೋಗಬೇಕಾದರೆ ಅಷ್ಟು ಕೊಡಲೇಬೇಕು. ಕೊಡಲಾರೆ ಅಂತ ನಾನು ಟೇಪು ಹಚ್ಚಿದ್ದಕ್ಕೆ ಗಾರೆ ಕೆತ್ತಿಸಿ ಹೊಸದಾಗಿ ಮೆತ್ತಿಸಿದ್ದಾಯಿತು, ಹಾಸಿಗೆ ಎಸೆದಿದ್ದಾಯಿತು, ಬೀರು ಹೋಯಿತು, ಅತ್ತೆಯನ್ನು ಡಾಕ್ಟರ ಹತ್ತಿರ ಅಲೆಸಿದ್ದಂತೂ ಬೇರೆಯೇ. ಮಧ್ಯದಲ್ಲಿ ಬೂಷ್ಟು ತಡೆಯುವ ಪೇಂಟು ಅಂತ ಒಂದು ಡಬ್ಬ ತಂದು ಬಳಿದಿದ್ದೆವು. ಗೋಡೆ ಒಣಗದೆ ಪೇಂಟು ಬಳಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ ತಾನೆ?

ಒಲೆ ಥರ ಉರಿಯುವ ಹೀಟರ್ ಏನಾದರೂ ಮನಸ್ಸಿನಲ್ಲಿದ್ದರೆ, ಅಂದರೆ ಹೊಗೆಕೊಳವೆ ಇಲ್ಲದ ಗ್ಯಾಸು, ಸೀಮೆಎಣ್ಣೆ, ಇದ್ದಿಲು, ಮುಚ್ಚಿದ ಮನೆಯೊಳಗೆ ಅದು ಬೇಡವೇ ಬೇಡ. ಉರಿಯುವಾಗ ಹುಟ್ಟುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಏಳುವುದಿಲ್ಲ. ಮೇಲಾಗಿ ಒಂದು ಕಿಲೋ ಗ್ಯಾಸು ಉರಿದರೆ ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ನನ್ನ ಮೈದುನ ಇದನ್ನೇ ತರಲು ಹೊರಟಿದ್ದ, ಜಗಳ ಮಾಡಿ ನಿಲ್ಲಿಸಿದೆ.

ಇನ್ನು ನಿಮ್ಮ ಹೀಟರ್ ಪ್ರಶ್ನೆ. ನನ್ನ ಪ್ರಕಾರ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಫ್ಯಾನ್ ಹೀಟರ್, ಎಣ್ಣೆ ಹೀಟರ್ (ಒಳಗೆ ಎಣ್ಣೆ ತುಂಬಿ ಮುಚ್ಚಿದ ಕರೆಂಟಿನದು, ಎಣ್ಣೆ ಉರಿಯುವುದಿಲ್ಲ), ಕೆಂಪಗೆ ಕಾಯುವ ಕಡ್ಡಿಯದ್ದು, ಯಾವುದೇ ತನ್ನಿ, ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಬಿಸಿ. ಎಣ್ಣೆಯದು ಆಫ್ ಮಾಡಿದ ಮೇಲೂ ಬೆಚ್ಚಗಿರುತ್ತೆ ಅನ್ನುತ್ತಾರೆ. ಹೌದು, ಶುರುವಿನಲ್ಲಿ ಕಾಯಲು ತೆಗೆದುಕೊಂಡದ್ದನ್ನು ಕೊನೆಯಲ್ಲಿ ವಾಪಸು ಕೊಡುತ್ತದೆ, ಪವಾಡವೇನಿಲ್ಲ. ಈ ಲೆಕ್ಕ ಮೀರುವುದು ಹೀಟ್ ಪಂಪ್ ಒಂದೇ. ಅದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನಿಂದ ಒಳಗೆ ಸಾಗಿಸುತ್ತದೆ. ಅದಕ್ಕೇ ಒಂದು ಯೂನಿಟ್ಟಿಗೆ ಸುಮಾರು ಮೂರು ಯೂನಿಟ್ ಬಿಸಿ ಸಿಗುತ್ತದೆ, ಹೊರಗೆ ಚಳಿ ಹೆಚ್ಚಿದಷ್ಟೂ ಸ್ವಲ್ಪ ಕಡಿಮೆ. ನಿಮ್ಮ ಗೋಡೆಯ ಮೇಲೆ ಏಸಿ ಇದೆಯಾ? ಇದ್ದರೆ ರಿಮೋಟಿನಲ್ಲಿ ಸೂರ್ಯನ ಚಿತ್ರ ಹುಡುಕಿ. ಆ ಚಿತ್ರಕ್ಕೆ ಇಟ್ಟಾಗ ಬಿಸಿ ಗಾಳಿ ಬಂದರೆ ನಿಮ್ಮ ಹತ್ತಿರ ಹೀಟ್ ಪಂಪ್ ಆಗಲೇ ಇರಬಹುದು. ನಮ್ಮ ಹಾಲಿನಲ್ಲೂ ಇತ್ತು, ಬೇಸಿಗೆ ಮುಗಿದ ತಕ್ಷಣ ಬಟ್ಟೆ ಹೊದಿಸಿ ಇಡುತ್ತಿದ್ದೆವು! ಫಿಲ್ಟರ್ ತೊಳೆದು ಹಾಕಿ.

ತಂದೆಯವರು "ನನಗೆ ರಜಾಯಿ ಸಾಕು" ಅನ್ನುತ್ತಾರೆ ಅಂತ ಬರೆದಿದ್ದೀರಿ. ನಂಬಬೇಡಿ. ನಮ್ಮತ್ತೆಯೂ ಹಾಗೇ ಅನ್ನುತ್ತಿದ್ದರು, ಚಳಿ ಇಲ್ಲ ಅಂತಲ್ಲ, ಮಗನ ಬಿಲ್ ಏರುತ್ತೆ ಅಂತ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ವಸತಿ ಮಾರ್ಗಸೂಚಿಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿ ಇರಬೇಕು ಅಂತಿದೆ, ವಯಸ್ಸಾದವರಿಗೆ, ಮಕ್ಕಳಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಹಾಗಾಗಿ ಕಾಯಿಸುವುದು ಒಂದೇ ಕೋಣೆ ಅಂತಾದರೆ ಅದು ತಂದೆಯವರದಾಗಲಿ. ನೀವು ಸಂಜೆ ಅಲ್ಲೇ ಹೋಗಿ ಕೂತುಕೊಳ್ಳಿ. ಬಳಸದ ಕೋಣೆಯ ಬಾಗಿಲು ಮುಚ್ಚಿರಲಿ, ನಾನು ಮಾಡಿದ ಹಾಗೆ ಅರ್ಧ ತೆರೆದು ಬಿಡಬೇಡಿ, ಆದರೆ ಅದನ್ನು ಪೂರ್ತಿ ತಣ್ಣಗಾಗಲೂ ಬಿಡಬೇಡಿ, ಆಗಾಗ ಸ್ವಲ್ಪ ಬಿಸಿ ತೋರಿಸಿ. ಬೀರು, ಮಂಚ ಹೊರಗೋಡೆಯಿಂದ ಒಂದು ಗೇಣು ಈಚೆಗಿರಲಿ.

ಉಳಿತಾಯ ಎಲ್ಲಿ ಅಂದರೆ, ನಿಮ್ಮ ಮಟ್ಟಿಗೆ ಒಂದು ಡಿಗ್ರಿ ಇಳಿಸಿಕೊಳ್ಳಿ. ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ ಇರುವಾಗ ಒಂದು ಡಿಗ್ರಿ ಅಂದರೆ ಹದಿನೈದರಲ್ಲಿ ಒಂದು ಪಾಲು, ಶೇಕಡಾ ಆರೇಳು. ಕರೆಂಟಿನ ಹೊದಿಕೆ 100 ವ್ಯಾಟಿನ ಆಸುಪಾಸು, ಹೀಟರ್ 2000. ಕೂತು ಕೆಲಸ ಮಾಡುವವರಿಗೆ ಹೊದಿಕೆಯೇ ಸಾಕು. ಒಂಟಿ ಗಾಜಿನ ಒಂದೂವರೆ ಚದರ ಮೀಟರ್ ಕಿಟಕಿಯೊಂದರಿಂದಲೇ ಅದೇ 15 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 120 ವ್ಯಾಟ್ ಹೊರಗೆ ಹೋಗುತ್ತಿರುತ್ತದೆ. ಜೋಡಿ ಗಾಜಿನದಾದರೆ ಅದರಲ್ಲಿ ಅರ್ಧ. ಗಾಜು ಬದಲಿಸುವಷ್ಟು ದುಡ್ಡು ನಮಗಿರಲಿಲ್ಲ, ಕತ್ತಲಾಗುತ್ತಲೇ ದಪ್ಪ ಪರದೆ ಎಳೆಯುತ್ತೇವೆ.

ಟೇಪಿನ ಜೊತೆಗೆ ಗಾಳಿಯ ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ತನ್ನಿ, ಅಗ್ಗದ್ದೇ ಸಾಕು. 60 ದಾಟಿದರೆ ಕಿಟಕಿ ತೆರೆಯಿರಿ, 40ರಿಂದ 60ರ ಒಳಗಿದ್ದರೆ ಸುಮ್ಮನಿರಿ. ಅದಾದ ಮೇಲೂ ತಂದೆಯವರ ಕೋಣೆಗೆ ಹೀಟರ್ ಬೇಕು ಅನ್ನಿಸಿದರೆ ಎಣ್ಣೆಯದನ್ನೇ ತನ್ನಿ. ಕರೆಂಟ್ ಉಳಿಯುತ್ತೆ ಅಂತಲ್ಲ, ಸದ್ದಿಲ್ಲದೆ ನಿದ್ದೆ ಬರುತ್ತೆ, ಕೆಂಡದ ಹಾಗೆ ಕೆಂಪಗೆ ಕಾಯುವ ಕಡ್ಡಿಯ ಭಯ ಇರುವುದಿಲ್ಲ, ಅದಕ್ಕೆ. ಬೇಕಾದಷ್ಟು ಬಿಸಿಯಾದ ಮೇಲೆ ತಾನೇ ಆಫ್ ಮಾಡುವ ಥರ್ಮೋಸ್ಟಾಟ್ ಇರುವುದನ್ನು ಆರಿಸಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚದೆ ಗೋಡೆಯ ಪವರ್ ಸಾಕೆಟ್ಟಿಗೇ ಹಾಕಿ, ಮತ್ತೆ ಅದರ ಮೇಲೆ ಬಟ್ಟೆ ಹರವಬೇಡಿ.