ಮಳೆ ಹಿಡಿದರೆ ಮಂಡಿಯೂ ಹಿಡಿಯುತ್ತದೆ, ಏನು ಮಾಡಲಿ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಈ ವಾರ ದೀರ್ಘಕಾಲದ ನೋವು

ಪ್ರಶ್ನೆ: ನನಗೆ 57 ವರ್ಷ. ತೀರ್ಥಹಳ್ಳಿ ಕಡೆಯ ಹಳ್ಳಿ, ಅಡಿಕೆ ತೋಟದ ಮನೆ. ಆರು ವರ್ಷದಿಂದ ಎರಡೂ ಮಂಡಿ ನೋವು. ಬೇಸಿಗೆಯಲ್ಲಿ ಹೇಗೋ ಸುಧಾರಿಸಿಕೊಂಡು ಹೋಗುತ್ತೇನೆ. ಮೃಗಶಿರಾ ಮಳೆ ಹಿಡಿಯಿತೆಂದರೆ ಮೆಟ್ಟಿಲಿಳಿಯುವುದೇ ದೊಡ್ಡ ಕೆಲಸ. ಮೋಡ ಕಟ್ಟುವ ಮೊದಲೇ ಮಂಡಿಗೆ ಗೊತ್ತಾಗುತ್ತದೆ. ‘ನಮ್ಮನೆ ಹವಾಮಾನ ಇಲಾಖೆ’ ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಎಕ್ಸ್‌ರೇ ನೋಡಿದವರು ‘ಸವೆದಿದೆ, ಜಾಸ್ತಿ ಓಡಾಡಬೇಡಿ’ ಎಂದರು. ತೂಕ 74 ಕೆ.ಜಿ. ಮಳೆಗೂ ನೋವಿಗೂ ನಿಜವಾಗಿ ಸಂಬಂಧ ಇದೆಯೇ ಡಾಕ್ಟ್ರೇ? ಮಳೆಗಾಲ ಕಳೆಯುವುದು ಹೇಗೆ?

ಉತ್ತರ: ಯಜಮಾನರಿಗೆ ಹೇಳಿ, ನಿಮ್ಮ ಮಂಡಿಯ ಮಾತು ಪೂರಾ ಸುಳ್ಳಲ್ಲ. ಪೂರಾ ನಿಜವೂ ಅಲ್ಲ. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ದೀರ್ಘಕಾಲದ ನೋವಿರುವ 2,658 ಜನರಿಂದ ದಿನದಿನದ ನೋವಿನ ಲೆಕ್ಕವನ್ನು ಮೊಬೈಲಿನಲ್ಲೇ ಬರೆಸಿಕೊಂಡು, ಅವರವರ ಊರಿನ ಹವೆಯ ಜೊತೆ ತಾಳೆ ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಗಾಳಿಯಲ್ಲಿ ತೇವ ಹೆಚ್ಚಿ, ವಾಯುಭಾರ ಇಳಿದು, ಗಾಳಿ ಜೋರಾಗಿ ಬೀಸಿದ ದಿನ ನೋವು ಸ್ವಲ್ಪ ಹೆಚ್ಚು. ಎಷ್ಟು ಹೆಚ್ಚು? ಮಾಮೂಲಿ ದಿನ 100ರಲ್ಲಿ 5 ಜನಕ್ಕೆ ನೋವು ಏರುತ್ತದೆ ಎಂದುಕೊಂಡರೆ, ತೀರಾ ಕೆಟ್ಟ ಹವೆಯ ದಿನ 6 ಜನಕ್ಕೆ. ಅಷ್ಟೇ. ಅಮೆರಿಕದಲ್ಲಿ ವಯಸ್ಸಾದವರು ವೈದ್ಯರ ಬಳಿ ಹೋದ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಭೇಟಿಗಳನ್ನು ಜಾಲಾಡಿದವರಿಗೆ, ಮಳೆ ಬಂದ ದಿನ ಕೀಲುನೋವು, ಬೆನ್ನುನೋವು ಎಂದು ಬಂದವರು ಹೆಚ್ಚಾಗಿ ಕಾಣಲಿಲ್ಲ.

ಹಾಗಾದರೆ ನಿಮಗೆ ಮಳೆಗಾಲದಲ್ಲಿ ಇಷ್ಟೊಂದು ಹೆಚ್ಚುವುದೇಕೆ? ಇಲ್ಲಿ ನಾನು ಮಳೆಯನ್ನು ಬಿಟ್ಟು ನಿಮ್ಮ ದಿನಚರಿ ಕೇಳುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಕೊಟ್ಟಿಗೆ, ತೋಟ, ನೆಂಟರ ಮನೆ, ಮದುವೆ ಮನೆ ಅಂತ ನಿಮಗೆ ಗೊತ್ತಿಲ್ಲದೆಯೇ ಎರಡು ಮೂರು ಕಿಲೋಮೀಟರ್ ನಡೆದಿರುತ್ತೀರಿ. ಜೂನ್ ಆದಮೇಲೆ ಅಂಗಳ ಪಾಚಿಗಟ್ಟುತ್ತದೆ, ಬಿದ್ದರೆ ಎಂಬ ಹೆದರಿಕೆ. ಒಲೆ ಮುಂದೆ ಮಣೆ ಹಾಕಿ ಕೂತರೆ ಏಳುವ ಮನಸ್ಸಾಗದು. ಮಧ್ಯಾಹ್ನ ಕಂಬಳಿ ಹೊದ್ದು ಒಂದು ನಿದ್ದೆ, ಆಮೇಲೆ ರಾತ್ರಿ ಹನ್ನೆರಡಾದರೂ ಕಣ್ಣು ಹತ್ತದು. ನಿದ್ದೆಗೆಟ್ಟ ಮೈಗೆ ಅದೇ ನೋವು ದುಪ್ಪಟ್ಟಾಗಿ ಕಾಣುತ್ತದೆ. ಜೊತೆಗೆ ಸುರಿವ ಮಳೆಗೆ ಹಲಸಿನ ಹಪ್ಪಳ ಕರಿಯದ ಮನೆ ಮಲೆನಾಡಿನಲ್ಲಿ ಎಲ್ಲಿದೆ? ನನಗೂ ಬಲು ಇಷ್ಟ, ಬಿಡಿ ಎನ್ನುವ ಬಾಯಿ ನನಗಿಲ್ಲ. ಆದರೆ ಮೂರು ತಿಂಗಳು ನಡೆಯದೆ ಕೂತರೆ ತೊಡೆಯ ಮಾಂಸಖಂಡ ಸೊರಗುತ್ತದೆ. ಮಂಡಿಯ ಭಾರ ಹೊರುವ ನಿಜವಾದ ಕೂಲಿಯಾಳು ಆ ಮಾಂಸಖಂಡ. ಅದು ಸೊರಗಿದರೆ ಭಾರವೆಲ್ಲ ಕೀಲಿನ ಮೇಲೆ.

‘ಸವೆದಿದೆ’ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಅದನ್ನು ಕೇಳಿದವರು ತಮ್ಮ ಮಂಡಿಯನ್ನು ಹಳೇ ಎತ್ತಿನಗಾಡಿಯ ಕೀಲಿನಂತೆ ಭಾವಿಸಿ, ಓಡಿಸಿದಷ್ಟೂ ಸವೆಯುತ್ತದೆಂದು ನಿಲ್ಲಿಸಿಬಿಡುತ್ತಾರೆ. ಕೀಲು ಜೀವ ಇರುವ ವಸ್ತು. ಅದರ ಮೃದ್ವಸ್ಥಿಗೆ, ಅಂದರೆ ಮೂಳೆಯ ತುದಿಗೆ ಹೊದಿಸಿದ ನುಣುಪಾದ ಪದರಕ್ಕೆ, ರಕ್ತನಾಳವಿಲ್ಲ, ಕಾಲಾಡಿಸಿದಾಗ ಒತ್ತಿ ಬಿಟ್ಟಂತಾಗಿಯೇ ಅದಕ್ಕೆ ಪೋಷಣೆ ಸಿಗಬೇಕು. ಎಕ್ಸ್‌ರೇಯಲ್ಲಿ ತುಂಬ ಸವೆದಂತೆ ಕಂಡರೂ ನೋವಿಲ್ಲದೆ ತಿರುಗಾಡುವವರಿದ್ದಾರೆ, ಚೂರೇ ಬದಲಾವಣೆ ಕಂಡು ನರಳುವವರೂ ಇದ್ದಾರೆ.

ನಿಮ್ಮ ಮನೆಯ ಜಗಲಿ ಎಷ್ಟುದ್ದ? 30 ಅಡಿ ಇದ್ದರೆ, ಈ ತುದಿಯಿಂದ ಆ ತುದಿಗೆ 100 ಸಲ ನಡೆದರೆ 900 ಮೀಟರ್ ದಾಟುತ್ತದೆ. ಒಂದೇ ಸಲ ಬೇಡ. ಬೆಳಿಗ್ಗೆ 40, ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ 30, ಸಂಜೆ ದೀಪ ಹಚ್ಚುವ ಮುಂಚೆ 30. ಲೆಕ್ಕ ತಪ್ಪುತ್ತದೆ ಅನಿಸಿದರೆ ಬಟ್ಟಲಲ್ಲಿ ಹತ್ತು ಗೋಟಡಿಕೆ ಇಟ್ಟುಕೊಂಡು, ಹತ್ತು ಸಲ ನಡೆದಾಗ ಒಂದನ್ನು ಆಚೆ ಹಾಕಿ. ಅದರ ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು, ನಿಧಾನ ಕೂರುವುದು, ಎಂಟು ಹತ್ತು ಸಲ. ಕಷ್ಟವಾದರೆ ಕುರ್ಚಿಯ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಮಲಗಿದಾಗ ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು, ಮಂಡಿಯಿಂದ ಅದನ್ನು ಒತ್ತಿ ಐದು ಎಣಿಸಿ ಬಿಡಿ. ಮೊದಲ ಎರಡು ವಾರ ನೋವು ತುಸು ಏರಬಹುದು. ಮಾರನೇ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸರಿಯಾಗಿಯೇ ಮಾಡುತ್ತಿದ್ದೀರಿ, ಇಳಿಯದಿದ್ದರೆ ಎಣಿಕೆ ಅರ್ಧ ಮಾಡಿ. ನಿಲ್ಲಿಸಬೇಡಿ.

ಇದನ್ನು ಮೃಗಶಿರಾ ಹಿಡಿದ ಮೇಲೆ ಶುರು ಮಾಡುವುದಲ್ಲ, ಏಪ್ರಿಲ್‌ನಲ್ಲೇ ಶುರು ಮಾಡಬೇಕು. ಮಳೆಗಾಲಕ್ಕೆ ಸೌದೆ ಕೂಡಿಡುವುದಿಲ್ಲವೇ, ಹಾಗೆ.

ಬಚ್ಚಲ ಹಂಡೆಯ ಬಿಸಿನೀರು, ಹದವಾಗಿ ಬಿಸಿ ಮಾಡಿದ ಎಣ್ಣೆ ನೀವುವುದು ಎಲ್ಲ ಒಳ್ಳೆಯದೇ. ಕಾವು 15-20 ನಿಮಿಷ ಸಾಕು. ಅದು ಬಿಗಿತ ಸಡಿಲಿಸುತ್ತದೆ, ಆ ಸಡಿಲ ಇರುವಾಗಲೇ ಜಗಲಿಗೆ ಹೊರಡಿ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಂತಿದ್ದರೆ ಬಿಸಿಯನ್ನು ಕೈಯಲ್ಲಿ ಮುಟ್ಟಿ ನೋಡದೆ ಕಾಲಿಗೆ ಹಾಕಬೇಡಿ. ತೂಕದ ಲೆಕ್ಕವನ್ನೂ ಹೇಳಿಬಿಡುತ್ತೇನೆ: ಮೈಯಿಂದ 1 ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಸುಮಾರು 4 ಕೆ.ಜಿ. ಭಾರ ಇಳಿಯುತ್ತದೆ. 74 ಇದ್ದದ್ದು 70ಕ್ಕೆ ಬಂದರೆ ಹೆಜ್ಜೆಗೆ 16 ಕೆ.ಜಿ.

ಮಳೆಗಾಲ ಮುಗಿದರೆ ನಿಮಗೆ ಬಿಡುವೇನೂ ಇಲ್ಲ, ಅಡಿಕೆ ಕೊಯ್ಲು. ಮೆಟ್ಟುಗತ್ತಿ ಮುಂದೆ ಮಂಡಿ ಮಡಚಿ ರಾತ್ರಿ ಹತ್ತರವರೆಗೆ ಸುಲಿಯುತ್ತ ಕೂರುವವರು, ನೋವು ತಡೆಯಲಾಗದೆ ಇದ್ದಾಗ ಮಾತ್ರ ಏಳುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಗಡಿಯಾರ ನೋಡಿ ಏಳಿ, ಅರ್ಧ ಗಂಟೆಗೊಮ್ಮೆ, ನೋವಿರಲಿ ಇಲ್ಲದಿರಲಿ. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಸುಲಿಯುವ ಹಾಗೆ ಮೆಟ್ಟುಗತ್ತಿಯನ್ನು ಎತ್ತರಿಸಿ ಕೊಡಲು ಬಡಗಿಯನ್ನು ಕೇಳಿ ನೋಡಿ.

ಒಂದು ಎಚ್ಚರಿಕೆ. ಮಂಡಿ ಬಿಸಿಯಾಗಿ ಕೆಂಪಗೆ ಊದಿದರೆ, ಜ್ವರ ಬಂದರೆ, ಬೆಳಗಿನ ಬಿಗಿತ ಒಂದು ಗಂಟೆ ಮೀರಿದರೆ ಇದು ಬೇರೆ ಕಾಯಿಲೆ ಇರಬಹುದು, ತೋರಿಸಿ. ಮಳೆಗಾಲದ ಜ್ವರದ ಬೆನ್ನಿಗೆ ಕೈಕಾಲಿನ ಕೀಲೆಲ್ಲ ಹಿಡಿದರೆ ಚಿಕೂನ್‌ಗುನ್ಯಾ ನೆನಪಾಗಲಿ. 2006ರಲ್ಲಿ ಅದು ರಾಜ್ಯವನ್ನು ಹೇಗೆ ಕಾಡಿತ್ತೆಂದು ನಿಮಗೆ ಗೊತ್ತು. ಜ್ವರ ಬಿಟ್ಟು ತಿಂಗಳುಗಳಾದರೂ ಕೀಲುನೋವು ಉಳಿಯಬಹುದು.

ಪ್ರಶ್ನೆ: ಕಲಬುರಗಿಯಿಂದ ಬರೆಯುತ್ತಿದ್ದೇನೆ, 62 ವರ್ಷ. ಎಂಟು ವರ್ಷದ ಸೊಂಟ ನೋವು. ಬೆಳಿಗ್ಗೆ, ರಾತ್ರಿ ಡೈಕ್ಲೋಫೆನಾಕ್ ಎಂಬ ನೋವಿನ ಗುಳಿಗೆ, ಹೊರಗೆ ಹೋಗುವಾಗ ಬೆಲ್ಟ್. ಬಿಪಿಗೆ ಎರಡು ಗುಳಿಗೆ, ಒಂದು ಮೂತ್ರ ಹೆಚ್ಚಿಸುವಂಥದ್ದು. ಬೇಸಿಗೆಯಲ್ಲಿ ನೋವು ಕಡಿಮೆ, ಆದರೂ ಗುಳಿಗೆ ಬಿಡಲು ಧೈರ್ಯವಿಲ್ಲ.

ಉತ್ತರ: ನನಗೆ ಭಯವಾಗುವುದು ನಿಮ್ಮ ನೋವಿಲ್ಲದ ಬೇಸಿಗೆಯ ಬಗ್ಗೆಯೇ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಮೈಯ ನೀರೆಲ್ಲ ಬೆವರಾಗಿ ಹೋಗುತ್ತದೆ. ಅದೇ ಹೊತ್ತಿಗೆ ನೋವಿನ ಗುಳಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ಮೂತ್ರದ ಗುಳಿಗೆ ಇನ್ನಷ್ಟು ನೀರು ತೆಗೆಯುತ್ತದೆ. ಇನ್ನೊಂದು ಬಿಪಿ ಗುಳಿಗೆಯ ಹೆಸರು ‘ಸಾರ್ಟಾನ್’ ಅಥವಾ ‘ಪ್ರಿಲ್’ ಎಂದು ಮುಗಿಯುತ್ತಿದ್ದರೆ ಮೂರೂ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು, ಮೊದಮೊದಲು ಗೊತ್ತೂ ಆಗುವುದಿಲ್ಲ. ಬಿಪಿ ಗುಳಿಗೆಯನ್ನು ನೀವಾಗಿ ಬಿಡಬೇಡಿ. ಆದರೆ ಡೈಕ್ಲೋಫೆನಾಕ್ ಮುಂದುವರಿಸುವ ಮುನ್ನ ಈ ವಾರವೇ ವೈದ್ಯರನ್ನು ಕಂಡು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ. ನೋವು ಕಡಿಮೆ ಇರುವ ತಿಂಗಳೇ ಗುಳಿಗೆ ಇಳಿಸಲು ಒಳ್ಳೇ ಕಾಲ, ಚಳಿಗಾಲದಲ್ಲಿ ಆ ಧೈರ್ಯ ಬರುವುದು ಕಷ್ಟ.

ಬೆಲ್ಟ್ ಬಿಚ್ಚಿಡಿ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಹೇಳುತ್ತದೆ, ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಸುವ ಚಿಕಿತ್ಸೆ) ಬೇಡ ಎನ್ನುತ್ತದೆ. ಬಿಸಿಲೇರುವ ಮೊದಲು, ಬೆಳಿಗ್ಗೆ ಆರಕ್ಕೇ ನಡೆದು ಬನ್ನಿ. ಕಾಲಿನ ಬಲ ಕುಂದಿದರೆ, ಕೂರುವ ಜಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ.

ಪ್ರಶ್ನೆ: ಹಾಸನ ಜಿಲ್ಲೆಯವಳು. ಅತ್ತೆಗೆ ಸಂತೆಯಲ್ಲಿ ತಂದ ಪುಡಿಯಿಂದ ಎರಡೇ ದಿನಕ್ಕೆ ಕೀಲುನೋವು ಹೋಯಿತು. ಆರು ತಿಂಗಳಿಂದ ತಿನ್ನುತ್ತಿದ್ದಾರೆ. ಈಗ ಮುಖ ದುಂಡಗಾಗಿದೆ, ಹಸಿವು ಜಾಸ್ತಿ, ಸಕ್ಕರೆ ಏರಿದೆ.

ಉತ್ತರ: ವರ್ಷಗಟ್ಟಲೆಯ ನೋವು ಎರಡು ದಿನದಲ್ಲಿ ಹೋಯಿತೆಂದರೆ ನನಗೆ ಮೊದಲು ಬರುವುದು ಸಂಶಯ. ದುಂಡು ಮುಖ, ಹಸಿವು, ಸಕ್ಕರೆ ಮೂರೂ ಸೇರಿದರೆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಆದರೆ ನಾಳೆಯಿಂದ ಒಮ್ಮೆಗೇ ನಿಲ್ಲಿಸಬೇಡಿ. ಸ್ಟೀರಾಯ್ಡ್‌ನಂಥದ್ದನ್ನು ಮೈ ತಾನೇ ಮಾಡಿಕೊಳ್ಳುತ್ತದೆ. ಇಷ್ಟು ತಿಂಗಳು ಹೊರಗಿಂದ ಸಿಕ್ಕಿದ್ದಕ್ಕೆ ಅದನ್ನು ಮಾಡುವುದನ್ನೇ ನಿಲ್ಲಿಸಿರಬಹುದು, ಥಟ್ಟನೆ ಬಿಟ್ಟರೆ ಬಿಪಿ ಕುಸಿದು ಪ್ರಾಣಾಪಾಯವಾದೀತು. ವೈದ್ಯರ ಉಸ್ತುವಾರಿಯಲ್ಲಿ ಹಂತಹಂತವಾಗಿ ಇಳಿಸಬೇಕು. ಸಿಟ್ಟಿನಲ್ಲಿ ಪೊಟ್ಟಣವನ್ನು ಒಲೆಗೆ ಹಾಕಬೇಡಿ, ಅತ್ತೆಯ ಜೊತೆಗೇ ಅದನ್ನೂ ಆಸ್ಪತ್ರೆಗೆ ಕರೆದೊಯ್ಯಿರಿ.