ಧ್ರುವಪ್ರಭೆ ನೋಡಲು ಚಳಿಗಾಲದಲ್ಲಿ ನಾರ್ವೆಯ ಹಡಗು ಹತ್ತುವುದು ಸರಿಯೇ, ಒಂದೂರಲ್ಲಿ ಉಳಿಯುವುದು ಮೇಲೇ?

ನಾರ್ವೆಯ ಕರಾವಳಿಯುದ್ದಕ್ಕೂ ಚಳಿಗಾಲದಲ್ಲಿ ಹಡಗಿನಲ್ಲಿ ಸಾಗಿದರೆ ಧ್ರುವಪ್ರಭೆ, ಅಂದರೆ ರಾತ್ರಿಯಾಕಾಶದಲ್ಲಿ ಮೂಡುವ ಬಣ್ಣದ ಬೆಳಕು (ಅರೋರಾ), ಖಂಡಿತ ಕಾಣುತ್ತದೆಯೇ, ಅದೇ ಹಣಕ್ಕೆ ಉತ್ತರ ನಾರ್ವೆಯ ಟ್ರೋಮ್ಸೋ ನಗರದಲ್ಲಿ ಉಳಿದುಕೊಳ್ಳುವುದು ಮೇಲಲ್ಲವೇ ಎಂದು ಕೇಳಿದ್ದೀರಿ. ಎರಡೂ ಬಗೆಯಲ್ಲಿ ಆ ಬೆಳಕನ್ನು ನೋಡಿರುವ ನನ್ನ ಅಭಿಪ್ರಾಯ ಇಷ್ಟು: ಬೆಳಕೊಂದೇ ಗುರಿಯಾಗಿದ್ದರೆ ನೆಲವೇ ಮೇಲು, ಆ ಕರಾವಳಿಯನ್ನೂ ನೋಡುವ ಆಸೆಯಿದ್ದು, ಬೆಳಕು ಕಂಡರೆ ಭಾಗ್ಯ ಎಂದುಕೊಳ್ಳುವವರಿಗೆ ಹಡಗು. ಖಂಡಿತ ಎಂಬ ಮಾತು ಎರಡು ಕಡೆಯೂ ಸಲ್ಲದು.

ಬರ್ಗನ್‌ನಿಂದ ರಷ್ಯಾ ಗಡಿಯ ಸಮೀಪದ ಕಿರ್ಕನೆಸ್‌ವರೆಗೆ ಹೋಗಿ ಮರಳುವ ಈ ಹಡಗುಗಳು ಮೂಲತಃ ವಿಹಾರಕ್ಕಾಗಿ ಹುಟ್ಟಿದವಲ್ಲ. 1893ರಲ್ಲಿ ಉತ್ತರದ ಊರುಗಳಿಗೆ ಅಂಚೆ, ಸರಕು ಮತ್ತು ಜನರನ್ನು ಸಾಗಿಸಲು ಆರಂಭವಾದ ಈ ಮಾರ್ಗದಲ್ಲಿ ಇಂದಿಗೂ 34 ಬಂದರುಗಳಿವೆ, ಪೂರ್ಣ ಸುತ್ತಿಗೆ ಸುಮಾರು 12 ದಿನ ಹಿಡಿಯುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಗಮನಿಸಬೇಕಾದದ್ದು ಒಟ್ಟು ದಿನಗಳನ್ನಲ್ಲ, ಉತ್ತರ ಧ್ರುವವೃತ್ತದ ಆಚೆ ಕಳೆಯುವ ರಾತ್ರಿಗಳನ್ನು. ಸೂರ್ಯನಿಂದ ಬರುವ ವಿದ್ಯುದಾವೇಶವುಳ್ಳ ಕಣಗಳ ಪ್ರಭಾವದಿಂದ ಮೇಲಿನ ವಾಯುಮಂಡಲ ಬೆಳಗುವುದು ಬಹುಪಾಲು ಭೂಕಾಂತ ಧ್ರುವವನ್ನು ಸುತ್ತುವರಿದ ಒಂದು ಉಂಗುರದಂಥ ಪಟ್ಟಿಯಲ್ಲಿ. ಲೋಫೊಟನ್ ದ್ವೀಪಗಳಿಂದ ಉತ್ತರ ಅಂತರೀಪದವರೆಗಿನ ಕರಾವಳಿ ಅದರ ಅಡಿಯಲ್ಲೇ ಬರುತ್ತದೆ. ಬರ್ಗನ್ ಇರುವುದು ಸುಮಾರು 60 ಡಿಗ್ರಿ ಅಕ್ಷಾಂಶದಲ್ಲಿ, ಆ ಪಟ್ಟಿಗಿಂತ ಬಹಳ ದಕ್ಷಿಣಕ್ಕೆ; ಹಡಗು ಧ್ರುವವೃತ್ತವನ್ನು ದಾಟುವುದು ನಾಲ್ಕನೆಯ ದಿನದ ಬೆಳಿಗ್ಗೆ. ಹಾಗಾಗಿ ಮೊದಲ ರಾತ್ರಿಗಳಲ್ಲಿ ಬಲವಾದ ಸೌರ ಬಿರುಗಾಳಿ ಇಲ್ಲದಿದ್ದರೆ ಏನೂ ಕಾಣದೆ ಹೋಗುವುದೇ ಹೆಚ್ಚು. ಆ ಪಟ್ಟಿಯೊಳಗೆ ಹೊಕ್ಕ ಮೇಲೆ ದೊಡ್ಡ ಬಿರುಗಾಳಿಯ ಹಂಗಿಲ್ಲ. ಭೂಕಾಂತೀಯ ಚಟುವಟಿಕೆಯನ್ನು ಸೊನ್ನೆಯಿಂದ ಒಂಬತ್ತರವರೆಗೆ ಅಳೆಯುವ ಕೆಪಿ ಸೂಚ್ಯಂಕ ಎರಡರಲ್ಲಿದ್ದರೂ ಆಕಾಶ ತಿಳಿಯಾಗಿದ್ದರೆ ಸಾಕು.

ತೊಡಕಿರುವುದು ಆ ತಿಳಿ ಆಕಾಶದಲ್ಲಿಯೇ. ಅಟ್ಲಾಂಟಿಕ್‌ನ ಬೆಚ್ಚನೆಯ ಪ್ರವಾಹ ಈ ಬಂದರುಗಳನ್ನು ಹೆಪ್ಪುಗಟ್ಟದಂತೆ ಕಾಯುತ್ತದೆ, ಜೊತೆಗೆ ತೇವವನ್ನೂ ಮೋಡವನ್ನೂ ಹೊತ್ತು ತರುತ್ತದೆ. ಟ್ರೋಮ್ಸೋದಲ್ಲಿ ಉಳಿದವರನ್ನು ಮಾರ್ಗದರ್ಶಿಯೊಬ್ಬರು ಮೋಡದ ನಕ್ಷೆ ನೋಡಿಕೊಂಡು ಒಣಹವೆಯ ಸ್ಕಿಬೊಟ್ನ್ ಕಣಿವೆಗೋ, ಫಿನ್ಲೆಂಡ್ ಗಡಿಯ ಕಡೆಗೋ ವಾಹನದಲ್ಲಿ ಕರೆದೊಯ್ಯಬಲ್ಲರು. ಹಡಗಾದರೋ ಬಸ್ಸಿನಂತೆ ವೇಳಾಪಟ್ಟಿಗೆ ಕಟ್ಟುಬಿದ್ದದ್ದು. ಪ್ರಯಾಣಿಕರಿಗೆ ಆಕಾಶ ಕಾಣಲಿಲ್ಲವೆಂದು ಅದು ದಿಕ್ಕು ಬದಲಿಸುವುದಿಲ್ಲ. ಅದರ ಅನುಕೂಲವೆಂದರೆ ಊರಿನ ದೀಪಗಳಿಂದ ದೂರವಿರುವುದು ಮತ್ತು ಸದಾ ಚಲಿಸುತ್ತಿರುವುದರಿಂದ ಒಂದೇ ಮೋಡದಡಿ ರಾತ್ರಿಯಿಡೀ ಸಿಕ್ಕಿಕೊಳ್ಳದಿರುವುದು.

ತಿಂಗಳಿನ ವಿಷಯದಲ್ಲಿ ನನ್ನ ಒಲವು ಫೆಬ್ರವರಿಯ ಕೊನೆ ಮತ್ತು ಮಾರ್ಚ್ ಕಡೆಗೆ. ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಟ್ರೋಮ್ಸೋದಲ್ಲಿ ಸೂರ್ಯ ಉದಯಿಸುವುದೇ ಇಲ್ಲ. ಕತ್ತಲೆ ಧಾರಾಳವಾಗಿದ್ದರೂ, ನಡುಹಗಲಿನ ಕೆಲವು ಗಂಟೆಗಳ ನೀಲಿ ಮಬ್ಬಿನಲ್ಲಷ್ಟೇ ಬೆಟ್ಟಗಳನ್ನು ನೋಡಬೇಕು. ಮಾರ್ಚ್‌ನಲ್ಲಿ ಹಗಲಿಗೆ ಹಿಮದ ಶಿಖರಗಳು, ರಾತ್ರಿಗೆ ಸಾಕಷ್ಟು ಕತ್ತಲೆ ಎರಡೂ ದೊರೆಯುತ್ತವೆ. ಹಗಲಿರುಳು ಸಮನಾಗುವ ಆ ಕಾಲದ ಸುತ್ತಮುತ್ತ ಭೂಕಾಂತೀಯ ಚಟುವಟಿಕೆಯೂ ತುಸು ಹೆಚ್ಚು. ಹುಣ್ಣಿಮೆಯನ್ನು ತಪ್ಪಿಸಲೆಂದು ದಿನಾಂಕ ಬದಲಿಸುವ ಗೋಜಿಗೆ ನಾನು ಹೋಗಲಾರೆ, ಮಂದವಾದ ಬೆಳಕು ಮಾತ್ರ ಅದರಲ್ಲಿ ಕರಗಿಹೋಗುತ್ತದೆ.

ಹಡಗಿನಲ್ಲಿ ಬೆಳಕು ಕಂಡಾಗ ಧ್ವನಿವರ್ಧಕದಲ್ಲಿ ಪ್ರಕಟಿಸುತ್ತಾರೆ. ಆದರೆ ಕರೆ ಬಂದ ಮೇಲೆ ಬೂಟು ಹುಡುಕುವವರು ಡೆಕ್ ತಲುಪುವಷ್ಟರಲ್ಲಿ ಅದು ಮಾಸಿರಬಹುದು, ಆದ್ದರಿಂದ ಬೆಚ್ಚನೆಯ ಬಟ್ಟೆ ಬಾಗಿಲ ಬಳಿಯೇ ಇರಲಿ. ಕರಾವಳಿಯ ಚಳಿ ಒಳನಾಡಿನಷ್ಟು ಕಠಿಣವಲ್ಲ, ಕಾಡುವುದು ಗಾಳಿ. ದೀಪವಿಲ್ಲದ, ಗಾಳಿಗೆ ಮರೆಯಾದ ಬದಿಯಲ್ಲಿ ನಿಂತು, ಫೋನಿನ ಪರದೆಯನ್ನು ನೋಡದೆ, ಕಣ್ಣು ಕತ್ತಲೆಗೆ ಒಗ್ಗಲು ಇಪ್ಪತ್ತು ನಿಮಿಷವಾದರೂ ಕೊಡಿ. ಚಿತ್ರಗಳಲ್ಲಿ ಕಾಣುವ ಕಡುಹಸಿರು ಬಣ್ಣವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಮೊದಲು ನಿರಾಸೆಯಾಗುತ್ತದೆ. ಸುಮಾರು 100 ಕಿಲೋಮೀಟರಿಗೂ ಮೇಲೆ ಆಮ್ಲಜನಕ ಹೊಮ್ಮಿಸುವ ಆ ಹಸಿರು, ಮಂದವಾಗಿರುವಾಗ ಬರಿಗಣ್ಣಿಗೆ ಬೂದುಬಿಳುಪಿನ ತೆಳುಮೋಡದಂತೆಯೇ ಕಾಣುತ್ತದೆ. ಕ್ಯಾಮೆರಾ ಹಲವು ಕ್ಷಣಗಳ ಬೆಳಕನ್ನು ಕೂಡಿಸಿಕೊಂಡು ಬಣ್ಣ ತೋರಿಸುತ್ತದೆ. ಬೆಳಕು ಪ್ರಬಲವಾದಾಗ ಮಾತ್ರ ಕಣ್ಣಿಗೂ ಹಸಿರು ಸ್ಪಷ್ಟವಾಗುತ್ತದೆ, ಕೆಳಅಂಚಿನಲ್ಲಿ ಸಾರಜನಕದ ನಸುಗೆಂಪು ಸರಸರನೆ ಹರಿಯುತ್ತದೆ. ಎಂಜಿನ್ನಿನ ನಡುಕ ಮತ್ತು ಓಲಾಟದಿಂದಾಗಿ ಟ್ರೈಪಾಡ್ ಇದ್ದರೂ ದೀರ್ಘ ಎಕ್ಸ್‌ಪೋಶರ್‌ನಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಅಗಲ ಕೋನದ ಲೆನ್ಸ್, ಹೆಚ್ಚಿನ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಒಂದೆರಡು ಸೆಕೆಂಡಿನ ಎಕ್ಸ್‌ಪೋಶರ್ ಇಷ್ಟೇ ಸಾಕು. ಚಿತ್ರವೇ ಮುಖ್ಯವೆನ್ನುವವರಿಗೆ ಹಡಗು ತಕ್ಕ ಜಾಗವಲ್ಲ.

ಸಮುದ್ರದ ಬಗ್ಗೆ ಒಂದು ಎಚ್ಚರಿಕೆ. ಹಾದಿಯ ಬಹುಭಾಗ ದ್ವೀಪಗಳ ಮರೆಯಲ್ಲೇ ಸಾಗುತ್ತದೆಯಾದರೂ, ಸ್ಟಾಡ್ ಮತ್ತು ಹುಸ್ಟಾಡ್‌ವಿಕಾದ ಬಳಿ, ವೆಸ್ಟ್‌ಫ್ಯೂರ್ಡ್ ದಾಟುವಾಗ ಹಾಗೂ ಉತ್ತರ ಅಂತರೀಪದ ಆಚೆಗೆ ತೆರೆದ ಕಡಲು ಎದುರಾಗುತ್ತದೆ. ಚಳಿಗಾಲದಲ್ಲಿ ಅಲ್ಲಿ ಹಡಗು ಚೆನ್ನಾಗಿಯೇ ಹೊಯ್ದಾಡುತ್ತದೆ, ಹವೆ ಕೆಟ್ಟರೆ ಕೆಲವು ಬಂದರುಗಳನ್ನು ಬಿಟ್ಟು ಮುಂದೆ ಹೋಗುವುದೂ ಉಂಟು. ತಲೆಸುತ್ತು, ವಾಕರಿಕೆ ಬರುವವರು ಹಡಗಿನ ನಡುಭಾಗದ ಕೆಳಅಂತಸ್ತಿನಲ್ಲಿ ಕೋಣೆ ಕೇಳಿಕೊಳ್ಳಲಿ. ಮಾತ್ರೆಯನ್ನು ಹೊಯ್ದಾಟ ಶುರುವಾಗುವ ಮೊದಲೇ ನುಂಗಬೇಕು.

ಪೂರ್ಣ ಸುತ್ತಿನಲ್ಲಿ ಬೆಳಕು ಕಾಣದಿದ್ದರೆ ಮತ್ತೊಂದು ಪ್ರಯಾಣ ಉಚಿತ ಎಂಬ ಭರವಸೆಯನ್ನು, ಈ ಮಾರ್ಗದಲ್ಲಿ ಹಡಗು ನಡೆಸುವ ಹುರ್ಟಿಗ್ರುಟನ್ ಸಂಸ್ಥೆ ಚಳಿಗಾಲದ ಪ್ರಯಾಣಗಳಿಗೆ ನೀಡುತ್ತಾ ಬಂದಿದೆ. ಒಳ್ಳೆಯದೇ, ಆದರೆ ಎರಡನೆಯ ಬಾರಿಯ ವಿಮಾನದ ಖರ್ಚೂ ರಜೆಯೂ ನಿಮ್ಮದೇ ಆಗಿರುವುದರಿಂದ, ಅದರ ಷರತ್ತುಗಳನ್ನು ಓದದೆ ಕೇವಲ ಅದನ್ನು ನೆಚ್ಚಿ ಹೊರಡಬೇಡಿ.

ಸಮಯವೂ ಹಣವೂ ಮಿತವಾಗಿದ್ದರೆ ಪೂರ್ಣ ಸುತ್ತನ್ನು ಬಿಟ್ಟುಬಿಡಿ. ವಿಮಾನದಲ್ಲಿ ಟ್ರೋಮ್ಸೋಗೆ ಹೋಗಿ, ಅಲ್ಲಿಂದ ಕಿರ್ಕನೆಸ್‌ಗೆ ಹೋಗಿಬರುವಷ್ಟೇ ಭಾಗಕ್ಕೆ ಹಡಗು ಹತ್ತಿದರೆ ಪ್ರತಿ ರಾತ್ರಿಯೂ ಬೆಳಕಿನ ಪಟ್ಟಿಯೊಳಗೇ ಕಳೆಯುತ್ತದೆ. ಬಳಿಕ ಟ್ರೋಮ್ಸೋದಲ್ಲೇ ಎರಡು ಮೂರು ರಾತ್ರಿ ಉಳಿದು, ಮೋಡವಿದ್ದರೆ ಒಳನಾಡಿಗೆ ಹೋಗುವ ವಾಹನವನ್ನು ಗೊತ್ತುಮಾಡಿಕೊಳ್ಳಿ.