ಫೋನ್ ಕಿತ್ತುಕೊಂಡರೋ, ಇವನೇ ಕೊಟ್ಟನೋ?

ಪ್ರಶ್ನೆ: ರಸ್ತೆಯಲ್ಲಿ ಪೊಲೀಸರು ಒಬ್ಬನಿಗೆ ಲಾಠಿ ಬೀಸುವುದನ್ನು ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಸೆರೆಹಿಡಿದ. ಫೋನ್ ಕಿತ್ತುಕೊಂಡು ವಿಡಿಯೊ ಅಳಿಸಿದರು ಅಂತಾನೆ ಅವನು. ತಾನಾಗಿಯೇ ಕೊಟ್ಟ, ಏನೂ ಅಳಿಸಿಲ್ಲ ಅಂತಾರೆ ಅವರು. ಯಾರನ್ನು ನಂಬಲಿ?
– ಓದುಗರು, ಡೊಂಬಿವಲಿ

ಉತ್ತರ: ಬಾಯಿಮಾತು ಪಕ್ಕಕ್ಕಿಡಿ, ಪಂಚನಾಮೆ, ಅಂದರೆ ಸಾಕ್ಷಿಗಳ ಎದುರು ಬರೆದ ವಶದ ದಾಖಲೆ, ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಪ್ರಕಾರ, ಅಪರಾಧಕ್ಕೆ ಸಂಬಂಧವಿದೆ ಎಂಬ ಅನುಮಾನ ಬಂದರೆ ಪೊಲೀಸರು ವಸ್ತುವನ್ನು ವಶಪಡಿಸಿಕೊಳ್ಳಬಹುದು, ಆದರೆ ಅದನ್ನು ಮ್ಯಾಜಿಸ್ಟ್ರೇಟರಿಗೆ ತಿಳಿಸಲೇಬೇಕು. 105ನೇ ಕಲಂ ಇನ್ನೂ ಮಜವಾಗಿದೆ. ವಶಪಡಿಸಿಕೊಳ್ಳುವುದನ್ನು, ಪಟ್ಟಿ ಬರೆದು ಸಾಕ್ಷಿಗಳ ಸಹಿ ಹಾಕಿಸುವುದನ್ನು ಪೊಲೀಸರೇ ವಿಡಿಯೊ ಮಾಡಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಹಾಗಾದರೆ ಆ ವಿಡಿಯೊ ಎಲ್ಲಿ? ಅದೂ ಇಲ್ಲ, ಪಂಚನಾಮೆಯೂ ಇಲ್ಲ ಅಂದರೆ ‘ತಾನಾಗಿಯೇ ಕೊಟ್ಟ’ ಅನ್ನುವ ಮಾತು ನನಗಂತೂ ಗಟ್ಟಿ ಅನ್ನಿಸುವುದಿಲ್ಲ.

ಅಳಿಸಿದ್ದರ ವಿಷಯ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆಗಿದ್ದರೆ ಅಳಿಸಿದ ವಿಡಿಯೊ ಅದರ ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಬೇರೆ ಫೋನಿನಿಂದ ಲಾಗಿನ್ ಆಗಿ ಇವತ್ತೇ ನೋಡಿ. ವಶಪಡಿಸಿಕೊಂಡಾಗ ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆ, ಬರೆದಿಟ್ಟಿದ್ದಾರಾ ಅಂತಲೂ ಕೇಳಿ, ಯಾಕಂದ್ರೆ ಆಮೇಲೆ ಯಾರಾದರೂ ಫೈಲಿಗೆ ಕತ್ತರಿ ಹಾಕಿದರೆ ಆ ಸಂಖ್ಯೆ ತಾಳೆಯಾಗುವುದಿಲ್ಲ. ಕೋರ್ಟಿಗೆ ವಿಡಿಯೊ ಸಾಕ್ಷಿ ಕೊಡುವಾಗ ಬೇಕಾಗುವ ಪ್ರಮಾಣಪತ್ರದಲ್ಲೂ ಹ್ಯಾಶ್ ಕಾಣಿಸಬೇಕು.

ಫೋನ್ ವಾಪಸ್ ಬೇಕೆಂದರೆ ಠಾಣೆಗೆ ಸುಮ್ನೆ ಅಲೆಯಬೇಡಿ. ವಕೀಲರ ಮೂಲಕ ಅದೇ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿಸಿ.